ಜಕ್ಕವ್ವ, ಜಕ್ಕಿಯಬ್ಬೆ: ಈ ಹೆಸರು ಎಲ್ಲಿಂದ ಬಂತು?

ಪ್ರಶ್ನೆ: ಮೇಡಂ, ನಮ್ಮದು ಹಾವೇರಿ ಕಡೆ. ಮುತ್ತಜ್ಜಿಯ ಹೆಸರು ಜಕ್ಕವ್ವ. ಮಗಳಿಗೆ ‘ಜಕ್ಕಿ’ ಅಂತ ಇಡಬೇಕೆಂದು ನನಗೆ ಬಹಳ ಆಸೆ. ಅತ್ತೆಯವರು ಮಾತ್ರ ‘ಜಕ್ಕಿಣಿ ಹೆಸರು ಕೂಸಿಗೆ ಬ್ಯಾಡ’ ಅಂತಾರೆ. ಇದರ ಅರ್ಥ ಏನು? ಹಿಂದೆ ಯಾರಾದರೂ ಈ ಹೆಸರಿನವರು ಇದ್ದರಾ? ನೀವು ಶಾಸನ ಓದಿದವರು, ತಿಳಿಸಿ.

ಉತ್ತರ: ಇದ್ದರು ತಾಯಿ, ದೊಡ್ಡವರೇ ಇದ್ದರು. ಮೊದಲು ಅರ್ಥ ನೋಡೋಣ. ಸಂಸ್ಕೃತದ ‘ಯಕ್ಷಿ’ ಕನ್ನಡದಲ್ಲಿ ‘ಜಕ್ಕಿ’ ಆಯಿತು. ಯಾತ್ರೆ ಜಾತ್ರೆಯಾದ ಹಾಗೆ, ಯೋಗಿ ಜೋಗಿಯಾದ ಹಾಗೆ ಮೊದಲಿನ ‘ಯ’ ‘ಜ’ ಆಗುತ್ತದೆ. ಲಕ್ಷ ಲಕ್ಕವಾದಂತೆ ‘ಕ್ಷ’ ‘ಕ್ಕ’ ಆಗುತ್ತದೆ. ಅದಕ್ಕೆ ತಾಯಿ ಎನ್ನುವ ಅಬ್ಬೆ ಸೇರಿದರೆ ಜಕ್ಕಿಯಬ್ಬೆ, ಅವ್ವ ಸೇರಿದರೆ ನಿಮ್ಮ ಜಕ್ಕವ್ವ.

ಈ ಹೆಸರಿನವರಲ್ಲಿ ನನಗೆ ತುಂಬ ಗೌರವ ಇರುವುದು ಬಂದಳಿಕೆಯ ಜಕ್ಕಿಯಬ್ಬೆ ಮೇಲೆ. ಬಂದಳಿಕೆ ಇರುವುದು ಶಿಕಾರಿಪುರ ತಾಲ್ಲೂಕಿನಲ್ಲಿ, ನಿಮಗೇನೂ ದೂರವಲ್ಲ. ರಾಷ್ಟ್ರಕೂಟರ ಕಾಲ, ಹತ್ತನೆಯ ಶತಮಾನದ ಆರಂಭ. ಗಂಡ ಸತ್ತರಸ ನಾಗಾರ್ಜುನ ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತರ, ಅಂದರೆ ಎಪ್ಪತ್ತು ಹಳ್ಳಿಗಳ ನಾಡಿನ, ಆಡಳಿತ ಈಕೆಯ ಕೈಗೆ ಬಂತು. ಹೆಣ್ಣಾಗಿದ್ದರೂ ಸಮರ್ಥವಾಗಿ ನಾಡನ್ನು ಕಾಪಾಡಿದಳು ಎಂದು ಅಲ್ಲಿನ ಶಾಸನ ಹೊಗಳುತ್ತದೆ. ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೇ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಅನ್ನಾಹಾರ ತೊರೆಯುವ ಜೈನರ ವ್ರತ ಹಿಡಿದು ದೇಹ ಬಿಟ್ಟಳು. ತಾಯಿಯಿಂದ ಮಗಳಿಗೆ ಹೋದ ಅಧಿಕಾರ, ಅದೂ ಸಾವಿರ ವರ್ಷಕ್ಕೂ ಹಿಂದೆ!

ಇನ್ನು ಕವಿ ರನ್ನನ ಇಬ್ಬರು ಹೆಂಡಿರ ಹೆಸರು ಜಕ್ಕಿ ಮತ್ತು ಶಾಂತಿ. ನೀವು ಇಡಬೇಕೆಂದಿರುವ ರೂಪವೇ ಅದು. ಶ್ರವಣಬೆಳಗೊಳಕ್ಕೆ ಹೋದರೆ ಜಕ್ಕಿಕಟ್ಟೆ ಎಂಬ ಕೆರೆ ನೋಡಿ ಬನ್ನಿ. ಹೊಯ್ಸಳರ ದಂಡನಾಯಕ ಗಂಗರಾಜನ ಅತ್ತಿಗೆ ಜಕ್ಕಿಮವ್ವೆ ಕಟ್ಟಿಸಿದ್ದು.

ಇನ್ನೊಬ್ಬರು: ಹಳಗನ್ನಡ ಕಾವ್ಯಗಳಲ್ಲಿ ‘ಜಕ್ಕವಕ್ಕಿ’ ಬರುತ್ತದಲ್ಲ ಮೇಡಂ, ಹೆಸರು ಆ ಹಕ್ಕಿಯಿಂದ ಬಂದಿರಬಹುದಾ?

ಉತ್ತರ: ಇಲ್ಲ ಸರ್. ಜಕ್ಕವಕ್ಕಿ ಅಂದರೆ ಚಕ್ರವಾಕ, ಅಲ್ಲಿನ ‘ಜ’ ಬಂದದ್ದು ‘ಚ’ದಿಂದ. ಕಿವಿಗೆ ಒಂದೇ ಥರ ಕೇಳಿದರೂ ಬೇರು ಬೇರೆ.

ಮೊದಲು ಕೇಳಿದವರು: ಓದಿ ಮೈ ಜುಮ್ಮೆಂದಿತು ಮೇಡಂ. ಆದರೆ ಅತ್ತೆಯವರ ಜಕ್ಕಿಣಿ ಮಾತಿಗೆ ಏನು ಹೇಳಲಿ?

ಉತ್ತರ: ಅವರ ಮಾತನ್ನು ತಳ್ಳಿಹಾಕಬೇಡಿ. ಜಕ್ಕಿಣಿ ಕೂಡ ಯಕ್ಷಿಣಿಯಿಂದಲೇ ಬಂದದ್ದು. ತೀರಿಹೋದ ಮೊದಲ ಹೆಂಡತಿಯನ್ನು ಜಕ್ಕಿಣಿ ಎಂದು ನೆನೆದು ಪೂಜಿಸುವ ಮನೆಗಳು ನಮ್ಮಲ್ಲಿವೆ. ಅಂಥ ಮನೆಯಲ್ಲಿ ಬೆಳೆದ ಹಿರಿಯರಿಗೆ ಅಂಜಿಕೆ ಆಗೋದು ಸಹಜ. ಆದರೆ ಯಕ್ಷಿಗೆ ಇನ್ನೊಂದು ಮುಖ ಇದೆ, ಹೆಸರು ಬೆಳೆದದ್ದು ಅದರ ನೆರಳಲ್ಲಿ. ಜೈನರಲ್ಲಿ ಯಕ್ಷಿಯರು ತೀರ್ಥಂಕರರ ಶಾಸನದೇವತೆಯರು, ಅಂದರೆ ಅವರ ಧರ್ಮವನ್ನು ಕಾಯುವ ದೇವತೆಯರು: ಪಾರ್ಶ್ವನಾಥನಿಗೆ ಪದ್ಮಾವತಿ, ನೇಮಿನಾಥನಿಗೆ ಕೂಷ್ಮಾಂಡಿನಿ, ಚಂದ್ರಪ್ರಭನಿಗೆ ಜ್ವಾಲಾಮಾಲಿನಿ. ಹೊಂಬುಜದ ಪದ್ಮಾವತಿಗೆ ಇವತ್ತಿಗೂ ಎಷ್ಟೊಂದು ಜನ ನಡೆದುಕೊಳ್ಳುತ್ತಾರೆ! ‘ಅತ್ತೆ, ಇದು ಕಾಯುವ ದೇವತೆಯ ಹೆಸರಂತೆ’ ಎಂದು ಹೇಳಿ ನೋಡಿ. ನಿಮ್ಮ ಮುತ್ತಜ್ಜಿಗೆ ಈ ಹೆಸರಿಟ್ಟವರೂ ಮಗು ಚೆನ್ನಾಗಿರಲಿ ಅಂತಲೇ ಇಟ್ಟಿರುತ್ತಾರೆ.

ಮತ್ತೊಬ್ಬರು: ನಾವು ಜೈನರಲ್ಲ, ಇಡಬಹುದಾ?

ಉತ್ತರ: ಧಾರಾಳವಾಗಿ. ಯಕ್ಷರು ಎಲ್ಲರ ಕಥೆಗಳಲ್ಲೂ ಇದ್ದಾರೆ. ತಮಿಳುನಾಡಿನ ವೀರಪಾಂಡ್ಯ ಕಟ್ಟಬೊಮ್ಮನ ಮನೆದೇವರೇ ಜಕ್ಕಮ್ಮ.

ಮೊದಲು ಕೇಳಿದವರು: ಜನನ ಪ್ರಮಾಣಪತ್ರದಲ್ಲಿ ಯಾವ ರೂಪ ಬರೆಸಲಿ ಮೇಡಂ?

ಉತ್ತರ: ನನ್ನನ್ನು ಕೇಳಿದರೆ ಜಕ್ಕವ್ವ ಅಂತಲೇ ಬರೆಸಿ, ಮನೆಯಲ್ಲಿ ಜಕ್ಕಿ ಅಂತ ಕರೆಯಿರಿ. ಇಂಗ್ಲಿಷಿನಲ್ಲಿ ‘ಕೆ’, ‘ವಿ’ ಎರಡೆರಡು ಸಲ ಬರಲಿ, ಇಲ್ಲದಿದ್ದರೆ ಶಾಲೆಯಲ್ಲಿ ‘ಜಕವ’ ಅಂತ ಓದಿಬಿಡುತ್ತಾರೆ.