ಡಿಫೆನ್ಸಿವ್ ಲೈನ್ ಆಡ್ತೀನಿ ಅಂತ ಮಗ ಹಟ ಹಿಡಿದರೆ

ಅಕ್ಕಾ, ಮಗ ಇಲ್ಲಿ ಅಮೆರಿಕದ ಹೈಸ್ಕೂಲ್ ಫುಟ್‌ಬಾಲ್ ಸೇರ್ತೀನಿ, ಅದೂ ಡಿಫೆನ್ಸಿವ್ ಲೈನೇ (ಬಾಲ್ ಇರುವ ತಂಡದ ಎದುರು ಮುಂದಿನ ಸಾಲಲ್ಲಿ ನಿಂತು ತಡೆಯೋ ಜಾಗ) ಬೇಕು ಅಂತ ಕೂತಿದ್ದಾನೆ ಅಂತ ಬರೆದಿದ್ದೀರಿ. ಬಂದ ಉತ್ತರಗಳಲ್ಲಿ ಮುಕ್ಕಾಲು ಪಾಲು "ನಮ್ಮ ಹುಡುಗರ ಮೈಕಟ್ಟಿಗೆ ಅದು ಆಗಲ್ಲ" ಅಂತಲೇ ಇದೆ. ಬೇಡ ಅನ್ನೋಕೆ ಬೇರೆ ಕಾರಣ ಬೇಕಾದರೆ ಇದೆ, ಆದರೆ ಇದಲ್ಲ.

ಆರನ್ ಡೊನಾಲ್ಡ್ ಯಾರು ಅಂತ ಮಗನನ್ನೇ ಕೇಳಿ. ಅದೇ ಡಿಫೆನ್ಸಿವ್ ಲೈನಿನಲ್ಲಿ ಹೆಸರು ಮಾಡಿದ ಆಟಗಾರ, ಪಿಟ್ಸ್‌ಬರ್ಗ್ ಹುಡುಗ. ನಮ್ಮವರೆಲ್ಲ ವೆಂಕಟೇಶ್ವರನ ದರ್ಶನಕ್ಕೆ ಹೋಗುತ್ತಾರಲ್ಲ, ಆ ಪೆನ್ ಹಿಲ್ಸ್‌ನ ಹೈಸ್ಕೂಲಿನಲ್ಲೇ ಓದಿದವನು. ಎತ್ತರ 6 ಅಡಿ 1 ಅಂಗುಲ, ತೂಕ 280 ಪೌಂಡ್ ಆಸುಪಾಸು. ನಮಗೆ ಅದೇ ಭೀಮ, ಆದರೆ ಅವನು ಆಡುತ್ತಿದ್ದ ಜಾಗದಲ್ಲಿ 300 ಪೌಂಡ್ ದಾಟಿದವರೇ ಜಾಸ್ತಿ. ಅವನನ್ನೂ ಗಿಡ್ಡ ಅಂತಲೇ ಅಂದರು. ಅಪ್ಪ ಬೆಳಗಿನ ಜಾವ ನಾಲ್ಕೂವರೆಗೆ ಎಬ್ಬಿಸಿ, ಮನೆಯ ಬೇಸ್‌ಮೆಂಟಿನಲ್ಲಿ ತೂಕ ಎತ್ತಿಸಿ, ಆಮೇಲೆ ಶಾಲೆಗೆ ಕಳಿಸುತ್ತಿದ್ದರಂತೆ. (ಸ್ಪೆಲ್ಲಿಂಗ್ ಬೀ, ಕುಮಾನ್ ಟ್ಯೂಷನ್ ಅಂತ ಮಕ್ಕಳನ್ನು ಎಬ್ಬಿಸುವ ನಾವು ಇದಕ್ಕೆ ಮೂಗು ಮುರಿಯೋ ಹಾಗಿಲ್ಲ.)

ಆ ಆಟದಲ್ಲಿ ತೂಕಕ್ಕಿಂತ ಕೈ ಮುಖ್ಯ. ಎದುರಿಗಿರುವವನು ಎದೆಗೆ ಕೈ ಹಾಕುವ ಮೊದಲೇ ಆ ಕೈ ತಳ್ಳಿ, ಅವನಿಗಿಂತ ತಗ್ಗಿ ನುಗ್ಗಬೇಕು. ಅದಕ್ಕೇ ಡೊನಾಲ್ಡ್ ನಕಲಿ ಚಾಕು ಹಿಡಿದವನ ಎದುರು ನಿಂತು ಕೈ ತಪ್ಪಿಸುವುದನ್ನು ಅಭ್ಯಾಸ ಮಾಡುತ್ತಿದ್ದ, ವಿಡಿಯೋ ಇದೆ, ನೋಡಿ. 2014ರ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ರ‍್ಯಾಮ್ಸ್ ತಂಡ ಅವನನ್ನು 13ನೆಯವನಾಗಿ ಆರಿಸಿಕೊಂಡಿತು. ಹತ್ತು ಸೀಸನ್ ಆಡಿದ, ಹತ್ತಕ್ಕೆ ಹತ್ತೂ ಸಲ ಪ್ರೊ ಬೌಲ್‌ಗೆ, ಅಂದರೆ ವರ್ಷದ ಉತ್ತಮ ಆಟಗಾರರ ಪಟ್ಟಿಗೆ, ಆಯ್ಕೆಯಾದ. 2018ರಲ್ಲಿ ಒಂದೇ ಸೀಸನ್‌ಗೆ 20.5 ಸ್ಯಾಕ್ (ಬಾಲ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಎಸೆಯುವ ಮೊದಲೇ ಕೆಡವೋದು). 2022ರ ಸೂಪರ್ ಬೌಲ್‌ನಲ್ಲಿ, ಅಂದರೆ ಲೀಗ್ ಫೈನಲ್‌ನಲ್ಲಿ, ರ‍್ಯಾಮ್ಸ್ 23-20 ಮುಂದಿದ್ದಾಗ, ಒಂದು ನಿಮಿಷವೂ ಉಳಿದಿರಲಿಲ್ಲ, ಬಾಲ್ ಉಳಿಸಿಕೊಳ್ಳೋಕೆ ಎದುರಾಳಿ ಬೆಂಗಾಲ್ಸ್‌ಗೆ ಒಂದೇ ಒಂದು ಗಜ ಬೇಕಿತ್ತು. ಇವನು ನುಗ್ಗಿ ಅವರ ಕ್ವಾರ್ಟರ್‌ಬ್ಯಾಕ್ ಜೋ ಬರೋನನ್ನು ಹಿಡಿದು ತಿರುಗಿಸಿಬಿಟ್ಟ, ಬಾಲ್ ಎಲ್ಲೋ ಹೋಗಿ ಬಿತ್ತು. ಮುಗೀತು.

ಆದರೆ 2024ರ ಮಾರ್ಚ್‌ನಲ್ಲಿ, ಇನ್ನೂ 32 ವಯಸ್ಸು, ಚೆನ್ನಾಗಿ ಆಡುತ್ತಿರುವಾಗಲೇ ಸಾಕು ಅಂದ. ನನಗೆ ಅವನಲ್ಲಿ ಅದೇ ಜಾಸ್ತಿ ಹಿಡಿಸಿದ್ದು.

ಈಗ ನಿಜವಾದ ಕಾರಣಕ್ಕೆ ಬರ್ತೀನಿ, ತಲೆ. ಲೈನಿನಲ್ಲಿ ಆಡುವವನು ಪ್ರತಿ ಸಲ ಬಾಲ್ ಆಟಕ್ಕೆ ಬಂದಾಗಲೂ ಹೆಚ್ಚುಕಡಿಮೆ ಡಿಕ್ಕಿ ಹೊಡೆಯುತ್ತಾನೆ. ಜ್ಞಾನ ತಪ್ಪುವ ಪೆಟ್ಟಲ್ಲ, ಸಣ್ಣ ಪೆಟ್ಟುಗಳು, ಆದರೆ ಲೆಕ್ಕವಿಲ್ಲದಷ್ಟು. ಬೋಸ್ಟನ್ ಯೂನಿವರ್ಸಿಟಿಯವರ 2017ರ ಅಧ್ಯಯನದಲ್ಲಿ, ಎನ್‌ಎಫ್‌ಎಲ್ ಆಡಿ ತೀರಿಕೊಂಡ 111 ಜನರ ಮೆದುಳು ಪರೀಕ್ಷಿಸಿದಾಗ 110ರಲ್ಲಿ ಸಿಟಿಇ ಅನ್ನೋ, ತಲೆಗೆ ಪದೇ ಪದೇ ಪೆಟ್ಟು ಬಿದ್ದು ಬರುವ ಮೆದುಳಿನ ಕಾಯಿಲೆ ಸಿಕ್ಕಿತು. ಅನುಮಾನ ಇದ್ದ ಮನೆಯವರೇ ಹೆಚ್ಚಾಗಿ ಮೆದುಳು ದಾನ ಮಾಡಿದ್ದರಿಂದ ಎಲ್ಲ ಆಟಗಾರರಿಗೂ ಹೀಗೇ ಅನ್ನೋಕಾಗಲ್ಲ, ಹಾಗಂತ ತಳ್ಳಿಹಾಕೋ ಮಾತೂ ಅಲ್ಲ.

ಇನ್ನು ದುಡ್ಡಿನ ಕನಸು. ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಹುಡುಗರು ಹೈಸ್ಕೂಲ್ ಫುಟ್‌ಬಾಲ್ ಆಡುತ್ತಾರೆ, ವರ್ಷಕ್ಕೆ ಡ್ರಾಫ್ಟ್ ಆಗೋರು 250 ಚಿಲ್ಲರೆ.

ನನ್ನ ಕೇಳಿದರೆ ಸುಮ್ನೆ ಬೇಡ ಅನ್ನಬೇಡಿ, ಮೊದಲು ಕೋಚ್ ಹತ್ತಿರ ಹೋಗಿ. ವಾರಕ್ಕೆ ಎಷ್ಟು ದಿನ ಪೂರ್ತಿ ಡಿಕ್ಕಿಯ ಪ್ರಾಕ್ಟೀಸ್, ಮ್ಯಾಚ್ ದಿನ ಗಾಯ ನೋಡಿಕೊಳ್ಳೋ ಅಥ್ಲೆಟಿಕ್ ಟ್ರೇನರ್ ಇರುತ್ತಾರಾ, ತಲೆಗೆ ಪೆಟ್ಟು ಬಿದ್ದರೆ ಮತ್ತೆ ಆಡಿಸೋ ತೀರ್ಮಾನ ಯಾರದು, ಕೇಳಿ. ಉತ್ತರ ಕೊಡೋಕೆ ತಡವರಿಸಿದರೆ ಕುಸ್ತಿ ತಂಡಕ್ಕೆ ಸೇರಿಸಿ. ತಗ್ಗಿ ನುಗ್ಗೋದು, ಕೈ ಬಳಸೋದು ಅಲ್ಲೂ ಕಲಿಯುತ್ತಾನೆ.