ಒಂಬತ್ತು ಜನರ ಗುಂಪಿಗೆ ಅಮಾಂಗ್ ಅಸ್: ಯಾವ ಸೆಟ್ಟಿಂಗ್ಸ್ ಇಟ್ಟರೆ ಆಟ ಬಿಗಿಯಾಗುತ್ತೆ?

ಕುಕ್ಕರಹಳ್ಳಿ_ಕೆರೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜು ಗುಂಪು ಶನಿವಾರ ರಾತ್ರಿ ಆನ್‌ಲೈನ್‌ನಲ್ಲಿ ಸೇರಿ ಅಮಾಂಗ್ ಅಸ್ ಆಡುತ್ತೆ (ಕ್ರೂಮೇಟ್‌ಗಳು ಟಾಸ್ಕ್, ಅಂದರೆ ಸಣ್ಣ ಕೆಲಸಗಳನ್ನು ಮುಗಿಸಬೇಕು, ಅವರ ನಡುವೆ ಅಡಗಿ ಕೊಲ್ಲುವ ಇಂಪೋಸ್ಟರ್‌ಗಳನ್ನು ಮೀಟಿಂಗ್‌ನಲ್ಲಿ ವೋಟ್ ಹಾಕಿ ಹೊರಹಾಕಬೇಕು, ಅದೇ ಆಟ). ಒಟ್ಟು ಒಂಬತ್ತು ಜನ: ಆರು ಜನ ಮೈಸೂರು, ಬೆಂಗಳೂರು ಕಡೆ, ಇಬ್ಬರು ಪುಣೆ, ಒಬ್ಬಳು ಜರ್ಮನಿ. ಇಬ್ಬರು ಲ್ಯಾಪ್‌ಟಾಪ್‌ನಲ್ಲಿ, ಮಿಕ್ಕವರೆಲ್ಲ ಫೋನಿನಲ್ಲಿ. ಮಾತಿಗೆ ವಾಟ್ಸಾಪ್ ಗ್ರೂಪ್ ಕಾಲ್. ಮ್ಯಾಪ್ ದ ಸ್ಕೆಲ್ಡ್, ಇಂಪೋಸ್ಟರ್ ಇಬ್ಬರು. ಬೇರೆ ಸೆಟ್ಟಿಂಗ್ಸ್ ಯಾವುದನ್ನೂ ಮುಟ್ಟಿಲ್ಲ.

ತೊಂದರೆಗಳು ಇವು. ಮೆಡ್‌ಬೇ ಸ್ಕ್ಯಾನ್ (ಕ್ರೂ ಮಾತ್ರ ಮಾಡಿ ತೋರಿಸಬಹುದಾದ ಟಾಸ್ಕ್) ಮಾಡಿ ತೋರಿಸಿದವರನ್ನು ಬಿಟ್ಟು ಉಳಿದವರಲ್ಲಿ ಹುಡುಕಿದರೆ ಇಂಪೋಸ್ಟರ್ ಸಲೀಸಾಗಿ ಸಿಕ್ಕಿಬೀಳ್ತಾರೆ, ಆಟದಲ್ಲಿ ಸ್ವಾರಸ್ಯವೇ ಉಳಿಯಲ್ಲ. ಸತ್ತವರು ಒಂದೋ ಬಾಯಿ ಬಿಡ್ತಾರೆ, ಇಲ್ಲಾ ಫೋನ್ ಪಕ್ಕಕ್ಕಿಟ್ಟು ಎದ್ದು ಹೋಗ್ತಾರೆ. ಆಟದ ಮಧ್ಯೆ ಯಾರಾದರೂ ಡಿಸ್ಕನೆಕ್ಟ್ ಆಗೋದೂ ಇದೆ. ನಿಯಮಿತವಾಗಿ ಆಡುವವರು ಏನು ಇಟ್ಟುಕೊಂಡಿದ್ದೀರಿ, ಯಾಕೆ ಅಂತ ಹೇಳಿದರೆ ಉಪಕಾರ.

ವೆಂಟ್_ಮೇಲೆ_ಕಣ್ಣು:

ಮೊದಲ ತೊಂದರೆಗೆ ಮದ್ದು ಒಂದೇ ಬಟನ್‌ನಲ್ಲಿದೆ: ವಿಶುವಲ್ ಟಾಸ್ಕ್ಸ್ ಆಫ್ ಮಾಡಿ. ಸ್ಕೆಲ್ಡ್‌ನಲ್ಲಿ ಮೆಡ್‌ಬೇ ಸ್ಕ್ಯಾನ್, ವೆಪನ್ಸ್‌ನಲ್ಲಿ ಬಂಡೆ ಹೊಡೆಯೋದು, ಶೀಲ್ಡ್ಸ್ ಚಾಲೂ ಮಾಡೋದು, ಕಸ ಹೊರಗೆ ಬಿಡೋದು, ಈ ನಾಲ್ಕರ ಅನಿಮೇಶನ್ ಪಕ್ಕದಲ್ಲಿ ನಿಂತವರಿಗೂ ಕಾಣುತ್ತೆ. ಇಂಪೋಸ್ಟರ್ ಕೈಲಿ ಅದನ್ನು ತೋರಿಸೋಕೆ ಆಗಲ್ಲ. ಅದು ಆನ್ ಇದ್ದರೆ ಊಹೆ, ವಾದ, ಸುಳ್ಳು ಯಾವುದಕ್ಕೂ ಜಾಗ ಇರಲ್ಲ.

ಟಾಸ್ಕ್ ಬಾರ್ (ಎಲ್ಲರ ಟಾಸ್ಕ್ ಒಟ್ಟು ಎಷ್ಟು ಮುಗಿದಿದೆ ಅಂತ ತೋರಿಸುವ ಪಟ್ಟಿ) ಅಪ್‌ಡೇಟ್ಸ್ ಅನ್ನು 'ಆಲ್ವೇಸ್'ನಿಂದ 'ಮೀಟಿಂಗ್ಸ್'ಗೆ ತನ್ನಿ. ಸದಾ ಏರುತ್ತಿರುವ ಬಾರ್ ಇದ್ದರೆ "ಅವನು ಪ್ಯಾನೆಲ್ ಬಿಟ್ಟು ಹೊರಟ, ಬಾರ್ ಏರಲಿಲ್ಲ" ಅಂತ ಸಾಕ್ಷಿ ಸಿಕ್ಕಿಬಿಡುತ್ತೆ. ಆ ಸಾಕ್ಷಿ ಎಷ್ಟೋ ಸಲ ತಪ್ಪು ಕೂಡ. ವೈರಿಂಗ್ ಥರ ಮೂರು ಕಡೆ ಮಾಡಬೇಕಾದ ಟಾಸ್ಕ್‌ನಲ್ಲಿ ಕೊನೆಯ ಪ್ಯಾನೆಲ್ ಮುಗಿದ ಮೇಲೇ ಬಾರ್ ಏರೋದು. ಮೊದಲ ಎರಡು ಪ್ಯಾನೆಲ್ ಮುಗಿಸಿದ ಪ್ರಾಮಾಣಿಕನನ್ನು ಹೊರಗೆ ತಳ್ಳೋಕೆ ಇದೇ ಸಾಮಾನ್ಯ ಕಾರಣ.

ಒಂಬತ್ತು ಜನಕ್ಕೆ ನನ್ನ ಆಯ್ಕೆ:

ಪ್ಲೇಯರ್ ಸ್ಪೀಡ್ 1.25. ಕ್ರೂ ವಿಶನ್ 0.75, ಇಂಪೋಸ್ಟರ್ ವಿಶನ್ 1.5. ಕಿಲ್ ಕೂಲ್‌ಡೌನ್ (ಒಂದು ಕೊಲೆ ಆದ ಮೇಲೆ ಮುಂದಿನದಕ್ಕೆ ಕಾಯಬೇಕಾದ ಹೊತ್ತು) 27.5 ಸೆಕೆಂಡ್, ಕಿಲ್ ಡಿಸ್ಟೆನ್ಸ್ ಶಾರ್ಟ್. ಎಮರ್ಜೆನ್ಸಿ ಮೀಟಿಂಗ್ ತಲೆಗೊಂದು, ಅದರ ಕೂಲ್‌ಡೌನ್ 20. ಡಿಸ್ಕಶನ್ 15, ವೋಟಿಂಗ್ 120 (ಇವೂ ಸೆಕೆಂಡ್ ಲೆಕ್ಕ). ಟಾಸ್ಕ್: ಕಾಮನ್ 1, ಲಾಂಗ್ 1, ಶಾರ್ಟ್ 4.

ಇದರಲ್ಲಿ ಕಿಲ್ ಕೂಲ್‌ಡೌನ್ ಒಂದನ್ನು ನಿಮ್ಮ ಗುಂಪಿಗೆ ತಕ್ಕ ಹಾಗೆ ತಿದ್ದಿಕೊಳ್ಳಿ. ಇಂಪೋಸ್ಟರ್ ಸತತ ಗೆಲ್ತಿದ್ದರೆ ಒಂದೊಂದೇ ಹೆಜ್ಜೆ, ಅಂದರೆ 2.5 ಸೆಕೆಂಡ್ ಏರಿಸಿ. ಒಮ್ಮೆಗೇ 45ಕ್ಕೆ ಏರಿಸಿದರೆ ಎಲ್ಲರ ಟಾಸ್ಕ್ ಮುಗಿದು ಮಾತೇ ಇಲ್ಲದೆ ಆಟ ಮುಗಿಯುತ್ತೆ. ಇಂಪೋಸ್ಟರ್ ಆದವರಿಗೆ ಇನ್ನೊಂದು ವಿಷಯ: ವೆಂಟ್ (ಇಂಪೋಸ್ಟರ್ ಅಡಗಿ ಓಡಾಡುವ ಗಾಳಿ ಕೊಳವೆ) ಒಳಗೆ ಕೂತಿರುವಾಗ ಕೂಲ್‌ಡೌನ್ ಇಳಿಯಲ್ಲ. ಅಲ್ಲಿ ಅಡಗಿ ಕಾಯೋದು ಸಮಯದ ನಷ್ಟ.

ಕಾಮನ್ ಟಾಸ್ಕ್ ಒಂದಾದರೂ ಇರಲಿ ಅನ್ನೋದಕ್ಕೆ ಕಾರಣ ಇದೆ. ಅದು ಬಂದರೆ ಎಲ್ಲರಿಗೂ ಬರುತ್ತೆ, ಇಲ್ಲದಿದ್ದರೆ ಯಾರಿಗೂ ಇಲ್ಲ. ಈ ಸುತ್ತಿನಲ್ಲಿ ವೈರಿಂಗ್ ಬಂದಿದೆ ಅನ್ನಿ. ಆಗ ಯಾರಾದರೂ "ನಾನು ಅಡ್ಮಿನ್‌ನಲ್ಲಿ ಕಾರ್ಡ್ ಸ್ವೈಪ್ ಮಾಡ್ತಿದ್ದೆ" ಅಂದರೆ ಅವರ ಸುಳ್ಳು ಅಲ್ಲೇ ಬಯಲು. ಇಂಥ ಸಾಕ್ಷಿ ಒಳ್ಳೆಯದು, ಯಾಕೆಂದರೆ ಅದು ಮಾತಿನಿಂದ ಹುಟ್ಟುತ್ತೆ.

ದೀಪ_ಆರಿಸಿದೋರು_ಯಾರು:

ಮೇಲಿನವರು ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ. ಕನ್ಫರ್ಮ್ ಇಜೆಕ್ಟ್ಸ್ (ಹೊರಹಾಕಿದವರು ಇಂಪೋಸ್ಟರ್ ಹೌದೋ ಅಲ್ಲವೋ ಅಂತ ತೋರಿಸುವ ಸೆಟ್ಟಿಂಗ್) ಬಗ್ಗೆ ಅವರು ಹೇಳಿಲ್ಲ. ಅನುಭವಿಗಳು ಅದನ್ನು ಆಫ್ ಮಾಡಿ ಅಂತಾರೆ. ಇಬ್ಬರು ಇಂಪೋಸ್ಟರ್ ಇರುವ ಒಂಬತ್ತು ಜನರ ಆಟದಲ್ಲಿ ಸದ್ಯಕ್ಕೆ ಆನ್ ಇರಲಿ ಅನ್ನೋದು ನನ್ನ ಅಭಿಪ್ರಾಯ. ಲೆಕ್ಕ ನೋಡಿ.

ಶುರುವಿನಲ್ಲಿ ಕ್ರೂ 7, ಇಂಪೋಸ್ಟರ್ 2. ಇಬ್ಬರೂ ಒಂದೊಂದು ಕೊಲೆ ಮಾಡಿದರೆ 5ಕ್ಕೆ 2. ಮೀಟಿಂಗ್‌ನಲ್ಲಿ ತಪ್ಪು ಮನುಷ್ಯನನ್ನು ಹೊರಹಾಕಿದರೆ 4ಕ್ಕೆ 2. ಆಮೇಲೆ ಇಬ್ಬರೂ ಇನ್ನೊಂದೊಂದು ಕೊಲೆ ಮಾಡಿದರೆ 2ಕ್ಕೆ 2, ಸಂಖ್ಯೆ ಸಮ ಆದ ಕೂಡಲೇ ಆಟ ಇಂಪೋಸ್ಟರ್ ಕಡೆಗೆ. ಅಂದರೆ ಕ್ರೂಗೆ ಇರೋದು ಒಂದೇ ತಪ್ಪಿನ ಅವಕಾಶ. ಆ ತಪ್ಪು ತಪ್ಪೇ ಅಂತ ಗೊತ್ತಾಗದಿದ್ದರೆ ಮುಂದಿನ ಮೀಟಿಂಗ್‌ನಲ್ಲಿ ವಾದಕ್ಕೆ ಬುಡವೇ ಇರಲ್ಲ. ಗುಂಪು ಪಳಗಿದ ಮೇಲೆ ಆಫ್ ಮಾಡಿ.

ಇದೇ ಲೆಕ್ಕದಿಂದ ಇನ್ನೊಂದು ಮಾತು: ಮೊದಲ ಮೀಟಿಂಗ್‌ನಲ್ಲಿ ಸುಳಿವೇ ಇಲ್ಲದಿದ್ದರೆ ಸ್ಕಿಪ್ ಮಾಡಿ. ಐವರು ಉಳಿದಾಗ, ಅಂದರೆ 3ಕ್ಕೆ 2 ಆದಾಗ, ಸ್ಕಿಪ್ ಮಾಡಬೇಡಿ. ಮುಂದಿನ ಒಂದೇ ಕೊಲೆಗೆ ಆಟ ಮುಗಿಯುತ್ತೆ. ಅನಾನಿಮಸ್ ವೋಟ್ಸ್ ಆಫ್ ಇರಲಿ, ಯಾರು ಯಾರಿಗೆ ವೋಟ್ ಹಾಕಿದರು ಅನ್ನೋದು ಕೊನೆಯ ಮೀಟಿಂಗ್‌ಗೆ ಬೇಕಾಗುತ್ತೆ.

ರೋಲ್‌ಗಳನ್ನು (ವಿಶೇಷ ಶಕ್ತಿಯ ಪಾತ್ರಗಳನ್ನು) ಈಗಲೇ ತರಬೇಡಿ. ಎಂಜಿನಿಯರ್ ಇದ್ದರೆ ಕ್ರೂಮೇಟ್ ಕೂಡ ವೆಂಟ್‌ಗೆ ಇಳಿಯಬಹುದು, ಬೇರೆಯವರ ರೂಪ ತಾಳುವ ಶೇಪ್‌ಶಿಫ್ಟರ್ ಇದ್ದರೆ "ಕಣ್ಣಾರೆ ನೋಡಿದೆ" ಅನ್ನೋದೂ ಸಾಕ್ಷಿ ಆಗಲ್ಲ. ಮೂಲ ಆಟ ಕೈಗೆ ಹತ್ತಿದ ಮೇಲೆ ಒಂದೊಂದಾಗಿ ಸೇರಿಸಿ.

ಮ್ಯೂಟ್_ಮಾಡ್ರಪ್ಪ:

ಧ್ವನಿ ಮತ್ತು ಡಿಸ್ಕನೆಕ್ಟ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ.

ಆಟ ನಡೀತಿರುವಾಗ ಎಲ್ಲರೂ ಮ್ಯೂಟ್, ಮೀಟಿಂಗ್‌ನಲ್ಲಿ ಬದುಕಿರುವವರು ಮಾತ್ರ ಅನ್‌ಮ್ಯೂಟ್. ಇದನ್ನು ಸಡಿಲ ಬಿಟ್ಟರೆ ಮೇಲಿನ ಯಾವ ಸೆಟ್ಟಿಂಗೂ ಪ್ರಯೋಜನಕ್ಕೆ ಬರಲ್ಲ. ಸಾಯುವಾಗ ಬಾಯಿಂದ ಬರುವ "ಅಯ್ಯೋ" ಒಂದೇ ಸಾಕು, ಎಲ್ಲರಿಗೂ ಗೊತ್ತಾಗುತ್ತೆ. ವಾಟ್ಸಾಪ್ ಬದಲು ಡಿಸ್ಕಾರ್ಡ್ ವಾಯ್ಸ್ ಚಾನೆಲ್ ಮಾಡಿಕೊಳ್ಳಿ. ಮರೆತವರನ್ನು ಅಡ್ಮಿನ್ ಸರ್ವರ್ ಮ್ಯೂಟ್ ಮಾಡಬಹುದು, ಸಮಯದ ಮಿತಿಯೂ ಇಲ್ಲ. ಗೂಗಲ್ ಮೀಟ್‌ನ ಉಚಿತ ಗ್ರೂಪ್ ಕಾಲ್ 60 ನಿಮಿಷಕ್ಕೆ, ಜೂಮ್‌ನ ಉಚಿತ ಮೀಟಿಂಗ್ 40 ನಿಮಿಷಕ್ಕೆ ಕಟ್ ಆಗುತ್ತೆ.

ಫೋನಿನಲ್ಲಿ ಕಾಲ್ ಮತ್ತು ಆಟ ಎರಡೂ ಒಟ್ಟಿಗೆ ಇದ್ದರೆ ಮ್ಯೂಟ್ ಬಟನ್ ಒತ್ತೋಕೆ ಆಟದಿಂದ ಹೊರಗೆ ಬರಬೇಕಾಗುತ್ತೆ. ಆಟ ಹಿನ್ನೆಲೆಗೆ ಹೋಗಿ ಸ್ವಲ್ಪ ಹೊತ್ತಾದರೆ ಸರ್ವರ್ ಸಂಪರ್ಕ ಕಡಿಯುತ್ತೆ, ನಡೀತಿರುವ ಸುತ್ತಿಗೆ ಮತ್ತೆ ಸೇರೋಕೆ ಆಗಲ್ಲ. ನಿಮ್ಮಲ್ಲಿ ಡಿಸ್ಕನೆಕ್ಟ್ ಆಗ್ತಿರೋದು ಬಹುತೇಕ ಇದರಿಂದಲೇ. ಸಾಧ್ಯವಾದವರು ಕಾಲ್ ಅನ್ನು ಇನ್ನೊಂದು ಸಾಧನದಲ್ಲಿ ಇಟ್ಟುಕೊಳ್ಳಿ. ಆಗದಿದ್ದರೆ ತಂತಿಯ ಇಯರ್‌ಫೋನ್ ಹಾಕಿ, ನೋಟಿಫಿಕೇಶನ್ ಪರದೆ ಎಳೆದು ಅಲ್ಲಿಂದಲೇ ಮ್ಯೂಟ್ ಮಾಡಿ. ಬ್ಲೂಟೂತ್‌ನಲ್ಲಿ ಕಾಲ್ ಶುರುವಾದ ಕೂಡಲೇ ಹೆಡ್‌ಸೆಟ್ ಕಾಲ್ ಮೋಡ್‌ಗೆ ಹೋಗಿ ಆಟದ ಸದ್ದೂ ಒಡೆದ ಹಾಗೆ ಕೇಳುತ್ತೆ. ಬ್ಯಾಟರಿ ಸೇವರ್ ಆಫ್ ಇರಲಿ.

ರೂಮ್ ಕೋಡ್ ಹಾಕಿದರೂ ಆಟ ಸಿಗ್ತಿಲ್ಲ ಅಂದರೆ ಮೊದಲು ಎರಡು ನೋಡಿ: ಎಲ್ಲರ ಆಪ್ ಒಂದೇ ಆವೃತ್ತಿಯೇ, ರೀಜನ್ ಒಂದೇ ಇದೆಯೇ. ನಿಮ್ಮಲ್ಲಿ ಎಂಟು ಜನ ಭಾರತದಲ್ಲೇ ಇರೋದರಿಂದ ಏಷ್ಯಾ ಇಡಿ. ಜರ್ಮನಿಯವರಿಗೆ ಪಿಂಗ್ (ಸರ್ವರ್ ತಲುಪಿ ಬರೋಕೆ ಹಿಡಿಯುವ ಹೊತ್ತು) ಜಾಸ್ತಿ ಬರುತ್ತೆ, ಅವರು ಇಂಪೋಸ್ಟರ್ ಆದಾಗ ಕೊಲೆ ಒಂದು ಕ್ಷಣ ತಡವಾಗಿ ಬೀಳುತ್ತೆ ಅಷ್ಟೆ. ಅವರ ಪಿಂಗ್ ತೀರಾ ಏರಿದರೆ ಒಂದು ಸುತ್ತು ಯೂರೋಪ್‌ನಲ್ಲಿ ಆಡಿ ಹೋಲಿಸಿ.

ಸತ್ತವರು ಎದ್ದು ಹೋಗುವ ವಿಷಯ: ಕ್ರೂ ಟಾಸ್ಕ್ ಮುಗಿಸಿ ಗೆಲ್ಲಬೇಕಾದರೆ ಸತ್ತ ಕ್ರೂಮೇಟ್‌ಗಳ ಟಾಸ್ಕ್ ಕೂಡ ಮುಗಿಯಬೇಕು. ಒಬ್ಬರು ಫೋನ್ ಪಕ್ಕಕ್ಕಿಟ್ಟರೆ ಆ ಗೆಲುವಿನ ದಾರಿಯೇ ಮುಚ್ಚಿಹೋಗುತ್ತೆ. ದೆವ್ವ ಆದವರು ಗೋಡೆ ದಾಟಿ ಓಡಾಡಬಹುದು, ಹಾಗಾಗಿ ಬದುಕಿದ್ದಾಗಿನದಕ್ಕಿಂತ ಬೇಗ ಮುಗಿಯುತ್ತೆ. ಸತ್ತವರ ನಡುವೆ ಆಟದೊಳಗಿನ ಚಾಟ್ ಕೂಡ ಇದೆ, ಅದರಲ್ಲಿ ಬೇಕಾದಷ್ಟು ಹರಟಲಿ. ನಿಜಕ್ಕೂ ಎದ್ದು ಹೋಗಲೇಬೇಕಾದವರು ಸುಮ್ಮನೆ ಬಿಟ್ಟು ಹೋಗದೆ ಆಟದಿಂದ ಹೊರಬೀಳಲಿ. ಹೊರಬಿದ್ದವರ ಟಾಸ್ಕ್ ಒಟ್ಟು ಲೆಕ್ಕದಿಂದ ಕಳೆದುಹೋಗುತ್ತೆ.

ಕುಕ್ಕರಹಳ್ಳಿ_ಕೆರೆ:

ತುಂಬಾ ಥ್ಯಾಂಕ್ಸ್. ಇನ್ನೊಂದು ಪ್ರಶ್ನೆ: ದಸರಾ ರಜೆಗೆ ಏಳು ಜನ ಒಂದೇ ಮನೆಯಲ್ಲಿ ಸೇರ್ತೀವಿ. ಅಲ್ಲಿ ವೈಫೈ ಇಲ್ಲ. ಒಬ್ಬರ ಹಾಟ್‌ಸ್ಪಾಟ್‌ನಲ್ಲಿ ಲೋಕಲ್ ಗೇಮ್ ಆಗುತ್ತಾ? ಒಂದೇ ಕೋಣೆಯಲ್ಲಿ ಬೇರೆ ಏನಾದರೂ ಗಮನಿಸಬೇಕಾ?

ವೆಂಟ್_ಮೇಲೆ_ಕಣ್ಣು:

ಆಗುತ್ತೆ. ಹಾಟ್‌ಸ್ಪಾಟ್ ಕೊಟ್ಟವರೇ ಲೋಕಲ್‌ನಲ್ಲಿ ಹೋಸ್ಟ್ ಮಾಡಲಿ, ಮಿಕ್ಕವರ ಪಟ್ಟಿಯಲ್ಲಿ ಆಟ ತಾನೇ ಕಾಣಿಸುತ್ತೆ. ಕೆಲವು ಫೋನ್‌ಗಳ ಹಾಟ್‌ಸ್ಪಾಟ್‌ಗೆ ಇಂತಿಷ್ಟೇ ಸಾಧನ ಅನ್ನೋ ಮಿತಿ ಇರುತ್ತೆ, ಹೊರಡೋಕೆ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಳ್ಳಿ. ಐಫೋನ್‌ನವರಿಗೆ ಆಟ ಕಾಣದಿದ್ದರೆ ಪ್ರೈವಸಿ ಕೆಳಗಿನ ಲೋಕಲ್ ನೆಟ್‌ವರ್ಕ್ ಅನುಮತಿ ಆನ್ ಮಾಡಬೇಕು. ಆಂಡ್ರಾಯ್ಡ್‌ನಲ್ಲಿ "ಇಂಟರ್ನೆಟ್ ಇಲ್ಲ" ಅಂತ ಫೋನ್ ತಾನಾಗೇ ಮೊಬೈಲ್ ಡೇಟಾಗೆ ಜಿಗಿದರೂ ಆಟ ಮಾಯವಾಗುತ್ತೆ, ಸೇರುವವರು ಡೇಟಾ ಆಫ್ ಮಾಡಿಕೊಳ್ಳಿ. ಆಪ್ ಅಪ್‌ಡೇಟ್ ಎಲ್ಲ ಊರಲ್ಲೇ ಮುಗಿಸಿ ಬನ್ನಿ.

ಏಳು ಜನಕ್ಕೆ ಇಬ್ಬರು ಇಂಪೋಸ್ಟರ್ ಅಂದರೆ ಶುರುವೇ 5ಕ್ಕೆ 2. ಒಬ್ಬರನ್ನೇ ಇಟ್ಟು ಕಿಲ್ ಕೂಲ್‌ಡೌನ್ ಅನ್ನು 20ಕ್ಕೆ ಇಳಿಸಿ.

ಒಂದೇ ಕೋಣೆಯಲ್ಲಿ ಫೋನಿನ ಸದ್ದೇ ದ್ರೋಹಿ. ಕೊಲೆಯ ಸದ್ದು, ವೆಂಟ್ ಮುಚ್ಚಳದ ಸದ್ದು ಪಕ್ಕದವರಿಗೆ ಕೇಳುತ್ತೆ, ಎಲ್ಲರೂ ವಾಲ್ಯೂಮ್ ಸೊನ್ನೆಗೆ ಇಳಿಸಿ. ವೈಬ್ರೇಶನ್ ಕೂಡ ಆಫ್. ಗೋಡೆಗೆ ಬೆನ್ನು ಕೊಟ್ಟು ಕೂತರೆ ಯಾರ ಪರದೆಯೂ ಇನ್ನೊಬ್ಬರಿಗೆ ಕಾಣಲ್ಲ. ಹಿಂದೆ ಕಿಟಕಿ ಗಾಜು ಇದ್ದರೆ ರಾತ್ರಿ ಅದರಲ್ಲಿ ಪರದೆ ಪ್ರತಿಫಲಿಸುತ್ತೆ, ಕಿಟಕಿಯ ಕರ್ಟನ್ ಎಳೆದುಬಿಡಿ.

ದೀಪ_ಆರಿಸಿದೋರು_ಯಾರು:

ಇದಕ್ಕೊಂದು ಸೇರಿಸ್ತೀನಿ: ಸತ್ತವರು ಫೋನ್ ಹಿಡಿದು ಅಲ್ಲೇ ಕೂತಿರಲಿ, ಎದ್ದು ಅಡುಗೆಮನೆಗೆ ಹೋಗಬಾರದು. ಹೆಣ ಸಿಗೋಕೆ ಮುಂಚೆ ಯಾರು ಎದ್ದರು ಅನ್ನೋದರಲ್ಲೇ ಯಾರು ಸತ್ತರು ಅಂತ ತಿಳಿದುಹೋಗುತ್ತೆ. ಕಾಫಿ, ತಿಂಡಿ ಎರಡು ಸುತ್ತಿನ ನಡುವೆ ಲಾಬಿಯಲ್ಲಿರುವಾಗ ಆಗಲಿ.