ಚಳಿಗಾಲದಲ್ಲಿ ಗೆಳೆಯರ ಜತೆ ಸ್ವಂತ ಮನೆ ಕಟ್ಟುವುದು: ಅನುಭವವಿದ್ದವರು ತಿಳಿಸಿ

ಕೇಳಿದವರು, ಆಳಂದ ತಾಲ್ಲೂಕಿನಿಂದ

ಊರಂಚಿನಲ್ಲಿರುವ 30×40 ಅಡಿಯ ನಿವೇಶನದಲ್ಲಿ ಎರಡು ಕೋಣೆ, ಪಡಸಾಲೆ ಮತ್ತು ಅಡುಗೆಮನೆ ಇರುವ ಮನೆಯನ್ನು ಈ ಚಳಿಗಾಲದಲ್ಲಿ ನಾನೇ ಕಟ್ಟಬೇಕೆಂದಿದ್ದೇನೆ. ನಾಲ್ವರು ಗೆಳೆಯರು ಭಾನುವಾರ ಹಾಗೂ ರಜೆಯ ದಿನಗಳಲ್ಲಿ ಬಂದು ದುಡಿಯಲು ಒಪ್ಪಿದ್ದಾರೆ; ನಮ್ಮಲ್ಲಿ ಯಾರಿಗೂ ಗೌಂಡಿ ಕೆಲಸದ ಅನುಭವವಿಲ್ಲ. ನೆಲ ಎರೆಮಣ್ಣಿನದು. ಪರವಾನಗಿ ಮತ್ತು ನಕ್ಷೆ ಸಿದ್ಧವಾಗಿವೆ. ಯಾವ ಕೆಲಸವನ್ನು ನಾವೇ ಮಾಡಬಹುದು, ಯಾವುದಕ್ಕೆ ಕೈ ಹಾಕಬಾರದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಕಲಬುರಗಿಯಿಂದ, ಸ್ವತಃ ನಿಂತು ಮನೆ ಕಟ್ಟಿಕೊಂಡವರು

ಮೊದಲು ನೆಲದ ಮಾತು. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಪಾಯ ಆ ಪದರದಲ್ಲೇ ಕುಳಿತರೆ ಗೋಡೆ ಎಷ್ಟೇ ಗಟ್ಟಿಯಾಗಿದ್ದರೂ ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆ ಬಿರುಕು ಏಳುತ್ತದೆ. ನವೆಂಬರ್ ಹೊತ್ತಿಗೆ ಈ ಮಣ್ಣು ಹದವಾಗಿ, ಅಗೆಯಲು ಸುಲಭವಾಗಿ, ನೋಡಲು ಗಟ್ಟಿಯಾಗಿಯೂ ಇರುವುದರಿಂದ ಹೊಸಬರು ಮೂರು ಅಡಿಗೇ ಅಗೆತ ನಿಲ್ಲಿಸಿಬಿಡುವ ಸಂಭವ ಹೆಚ್ಚು. ಎರೆ ಮುಗಿದು ಗರಸು, ಅಂದರೆ ಕೆಳಗಿನ ಗಟ್ಟಿ ಜಲ್ಲಿಮಣ್ಣು, ಸಿಗುವವರೆಗೂ ಇಳಿಯಿರಿ. ಅಕ್ಕಪಕ್ಕದವರು ಬಾವಿ, ಶೌಚಗುಂಡಿ ತೋಡಿಸಿದಾಗ ಗರಸು ಎಷ್ಟು ಆಳದಲ್ಲಿ ಸಿಕ್ಕಿತೆಂದು ಕೇಳಿದರೆ ಮೊದಲೇ ಅಂದಾಜು ಸಿಗುತ್ತದೆ. ಎರೆ ತೀರಾ ಆಳವಾಗಿದ್ದರೆ, ಬುಡ ಅಗಲವಾಗಿರುವ ಕಾಂಕ್ರೀಟು ಕಂಬಗಳನ್ನು ಸುಮಾರು ಮೂರೂವರೆ ಮೀಟರ್ ಆಳಕ್ಕೆ ಇಳಿಸಿ, ಅವುಗಳ ಮೇಲೆ ತೊಲೆ ಹಾಯಿಸುವ ಪದ್ಧತಿಯಿದೆ. ಮಣ್ಣು ಉಬ್ಬಿದಾಗ ತೊಲೆಯನ್ನು ಎತ್ತದಿರಲೆಂದು ಅದರ ಅಡಿಯಲ್ಲಿ ಸಂದು ಬಿಡುತ್ತಾರೆ. ಅದನ್ನು ಎಂಜಿನಿಯರ್ ಲೆಕ್ಕ ಹಾಕಿಕೊಡದೆ ಮಾಡಬಾರದು.

ಪಾಯ ತುಂಬುವ ಕೆಲಸ ಮಾತ್ರ ನಿಮ್ಮ ಗೆಳೆಯರಿಗೆ ಹೇಳಿ ಮಾಡಿಸಿದ್ದು. ಅಗೆದು ತೆಗೆದ ಎರೆಮಣ್ಣನ್ನೇ ಹಣ ಉಳಿಯುತ್ತದೆಂದು ಮತ್ತೆ ಒಳಗೆ ತುಂಬಬೇಡಿ, ಅದನ್ನು ಹೊಲಕ್ಕೆ ಸಾಗಿಸಿ. ಗರಸನ್ನು ತರಿಸಿ, ಆರಾರು ಇಂಚಿನ ಪದರ ಹರಡಿ, ನೀರು ಚಿಮುಕಿಸಿ, ದಿಮ್ಮಸಿನಿಂದ ಬಡಿಯುತ್ತಾ ಹೋಗಿ. ಇದರಲ್ಲಿ ಕುಶಲತೆಗಿಂತ ತಾಳ್ಮೆ ಮುಖ್ಯ, ಮತ್ತು ಒಂದು ವಾರ ನಿಂತು ಮುಂದುವರಿಸಿದರೂ ಹಾನಿಯಿಲ್ಲ. ಆದರೆ ಎದೆಯೆತ್ತರಕ್ಕಿಂತ ಆಳವಾದ ಗುಂಡಿಗೆ ಆಸರೆ ಹಲಗೆಗಳಿಲ್ಲದೆ ಯಾರನ್ನೂ ಇಳಿಸಬೇಡಿ. ಎರೆಯ ಅಂಚು ಸದ್ದಿಲ್ಲದೆ ಕುಸಿಯುತ್ತದೆ. ತೆಗೆದ ಮಣ್ಣಿನ ಗುಡ್ಡೆಯೂ ಅಂಚಿನಿಂದ ಒಂದು ಮೀಟರಾದರೂ ದೂರವಿರಲಿ.

ಬೀದರ್‌ನಿಂದ, ನಿವೃತ್ತ ಕಿರಿಯ ಎಂಜಿನಿಯರ್

ಮೇಲಿನ ಮಾತುಗಳನ್ನು ಪೂರ್ತಿ ಒಪ್ಪುತ್ತೇನೆ. ಚಳಿಯ ವಿಷಯವನ್ನು ನಾನು ಸೇರಿಸುತ್ತೇನೆ, ಏಕೆಂದರೆ ನಮ್ಮ ಭಾಗದಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456ರ ಪ್ರಕಾರ, ಗೋಡೆಯಿಂದ ಗೋಡೆಗೆ ನಾಲ್ಕೂವರೆ ಮೀಟರ್‌ವರೆಗಿನ ಅಂತರದ ಸ್ಲ್ಯಾಬಿನ ಕೆಳಗಿನ ಆಸರೆಗಳನ್ನು 7 ದಿನಕ್ಕೂ, ಅದಕ್ಕಿಂತ ಅಗಲವಾದದ್ದಕ್ಕೆ ಮತ್ತು ಆರು ಮೀಟರ್‌ವರೆಗಿನ ತೊಲೆಗೆ 14 ದಿನಕ್ಕೂ ತೆಗೆಯಬಹುದು. ಸೆಂಟ್ರಿಂಗ್, ಅಂದರೆ ಈ ಆಸರೆಗಳನ್ನೂ ಹಲಗೆಗಳನ್ನೂ, ಬಾಡಿಗೆಗೆ ಕೊಟ್ಟವರು ಈ ಏಳು ದಿನದ ಮಾತನ್ನು ಎತ್ತಿ ಅವಸರಪಡಿಸುತ್ತಾರೆ. ಆದರೆ ಅದೇ ಮಾನಕದಲ್ಲಿ ಈ ಅವಧಿಗಳು ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಅದೂ ತಾಪಮಾನ 15 ಡಿಗ್ರಿಗಿಂತ ಕೆಳಗಿಳಿಯದಿದ್ದಾಗ ಮಾತ್ರ ಅನ್ವಯಿಸುತ್ತವೆಂದು ಸ್ಪಷ್ಟವಾಗಿ ಬರೆದಿದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ನಮ್ಮ ಕಡೆ ತಾಪಮಾನ ಅದಕ್ಕಿಂತ ಇಳಿಯುವುದು ಸಾಮಾನ್ಯ. ಅಂಗಡಿಯಲ್ಲಿ ಸಿಗುವ ಸಿಮೆಂಟೂ ಹೆಚ್ಚಾಗಿ ಹಾರುಬೂದಿ ಬೆರೆತ ಪಿಪಿಸಿ, ಅದು ಮೊದಲ ವಾರಗಳಲ್ಲಿ ನಿಧಾನವಾಗಿಯೇ ಬಲ ಪಡೆಯುತ್ತದೆ. ಎರಡೂ ಕಾರಣ ಒಟ್ಟಿಗೆ ಇರುವಾಗ ಸ್ಲ್ಯಾಬಿಗೆ ಎರಡು ವಾರ, ತೊಲೆಗೆ ಮೂರು ವಾರ ಆಸರೆ ಇಟ್ಟುಕೊಳ್ಳಿ. ಬಾಡಿಗೆ ಹೆಚ್ಚಾದರೂ ಇಡಲೇಬೇಕು.

ಚಳಿಗಾಲದಲ್ಲಿ ನೀರು ಕಡಿಮೆ ಉಣಿಸಿದರೂ ನಡೆಯುತ್ತದೆ ಎಂಬ ನಂಬಿಕೆ ತಪ್ಪು. ಬಿಸಿಲು ಚುರುಗುಟ್ಟದಿದ್ದರೂ ಈ ಕಾಲದ ಒಣಗಾಳಿ ಸ್ಲ್ಯಾಬಿನ ಮೇಲ್ಮೈಯ ತೇವವನ್ನು ಹೀರುತ್ತದೆ. ಪಿಪಿಸಿಗೆ ಕನಿಷ್ಠ 10 ದಿನ, ಸಾಧ್ಯವಾದರೆ 14 ದಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಗೋಡೆ, ಕಂಬಗಳಿಗೆ ಗೋಣಿತಾಟು ಸುತ್ತಿ ಸದಾ ಒದ್ದೆಯಾಗಿಡಿ. ಗೆಳೆಯರ ನೆರವು ನಿಜವಾಗಿ ಬೇಕಾಗುವುದು ಇಲ್ಲಿಯೇ, ಅದೂ ಭಾನುವಾರ ಅಲ್ಲದ ದಿನಗಳಲ್ಲಿ. ಕೆಲಸಕ್ಕೆ ಹೋಗುವ ಮುನ್ನ ಒಬ್ಬರು, ಸಂಜೆ ಮರಳಿದ ಮೇಲೆ ಇನ್ನೊಬ್ಬರು ಎಂದು ಪಾಳಿ ಹಂಚಿಕೊಳ್ಳಿ.

ಸ್ಲ್ಯಾಬು ಹಾಕುವುದನ್ನು ಮಾತ್ರ ದಯವಿಟ್ಟು ನೀವಾಗಿಯೇ ಮಾಡಬೇಡಿ. 650 ಚದರಡಿಯ, 5 ಇಂಚು ದಪ್ಪದ ಸ್ಲ್ಯಾಬಿಗೆ ಸುಮಾರು ಏಳೂವರೆ ಘನ ಮೀಟರ್ ಕಾಂಕ್ರೀಟು ಬೇಕು, ತೂಕದಲ್ಲಿ ಅದು ಸುಮಾರು 18 ಟನ್. ಅಷ್ಟನ್ನೂ ಕಲಸಿ, ಮೇಲೆತ್ತಿ, ಎಲ್ಲಿಯೂ ನಿಲ್ಲಿಸದೆ ಒಂದೇ ದಿನ ಮುಗಿಸಬೇಕು. ಅರ್ಧಕ್ಕೆ ನಿಂತರೆ ಹಳೆಯದಕ್ಕೂ ಹೊಸದಕ್ಕೂ ನಡುವೆ ಉಳಿಯುವ ಜೋಡು ಮುಂದೆ ಸೋರುತ್ತದೆ. ಮಿಕ್ಸರ್, ಲಿಫ್ಟ್, ವೈಬ್ರೇಟರ್ ಇರುವ ತಂಡಕ್ಕೆ ಇದು ಒಂದು ಹಗಲಿನ ಕೆಲಸ. ನೀವು ಮಿಕ್ಸರ್ ಬಳಿ ನಿಂತು ನೀರಿನ ಮೇಲೆ ಕಣ್ಣಿಡಿ. ಸಿಮೆಂಟು, ಉಸುಕು, ಜಲ್ಲಿಯ 1:1.5:3 ಮಿಶ್ರಣಕ್ಕೆ 50 ಕಿಲೋ ಚೀಲವೊಂದಕ್ಕೆ 30 ಲೀಟರ್ ಮೀರಬಾರದು, ಉಸುಕಿನಲ್ಲಿ ಇಬ್ಬನಿಯ ತೇವವಿದ್ದರೆ ಅದನ್ನೂ ಕಳೆಯಬೇಕು. ಸುಲಭವಾಗಿ ಹರಿಯಲೆಂದು ಪೈಪು ಹಿಡಿದು ನೀರು ಸುರಿಯುವವರನ್ನು ಧೈರ್ಯವಾಗಿ ತಡೆಯಿರಿ.

ಶಹಾಪುರದಿಂದ, ಗೌಂಡಿ

ಇಟ್ಟಿಗೆ ನೆನೆಸುವುದು, ಉಸುಕು ಸೋಸುವುದು, ಸಲಾಕೆಗೆ ತಂತಿ ಕಟ್ಟುವುದು, ಒಳಗಿನ ಸುಣ್ಣ ಬಣ್ಣ, ಫರಸಿ ಹೊರುವುದು ಇವನ್ನೆಲ್ಲ ಗೆಳೆಯರು ಮಾಡಬಹುದು. ಗೋಡೆಯ ಮೂಲೆಗಳನ್ನು ಗೌಂಡಿಯಿಂದಲೇ ಎಬ್ಬಿಸಿ. ಮೂಲೆ ನೇರವಿದ್ದರೆ ದಾರ ಕಟ್ಟಿ ನಡುವಿನ ಸಾಲುಗಳನ್ನು ಕಲಿಯುವವರೂ ಇಡಬಹುದು. ದಿನಕ್ಕೆ ಒಂದು ಮೀಟರಿಗಿಂತ ಎತ್ತರ ಏರಿಸಬೇಡಿ. ಸಿಮೆಂಟು ಮುಟ್ಟುವವರೆಲ್ಲರೂ ರಬ್ಬರ್ ಕೈಗವಸು ಹಾಕಬೇಕು, ಚಳಿಗೆ ಒಡೆದ ಚರ್ಮಕ್ಕೆ ಅದು ತಗಲಿದರೆ ಹುಣ್ಣಾಗುತ್ತದೆ.

ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಶಹಾಬಾದ್ ಕಲ್ಲು ನಮಗೆ ಅಗ್ಗವಾಗಿ ಸಿಗುತ್ತದೆ. ಇಟ್ಟಿಗೆಯ ಬದಲು ಗೋಡೆಯನ್ನೂ ಕಲ್ಲಿನಲ್ಲೇ, ಹಳೆಯ ಮನೆಗಳಂತೆ ಮಣ್ಣಿನ ಗಾರೆಯಲ್ಲಿ ನಾವೇ ಕಟ್ಟಬಹುದೇ?

ಬಸವಕಲ್ಯಾಣದಿಂದ

ನೆಲಹಾಸಿಗೆ ಶಹಾಬಾದ್ ಕಲ್ಲಿಗಿಂತ ಒಳ್ಳೆಯದು ನಮ್ಮ ಬೇಸಿಗೆಗೆ ಇನ್ನೊಂದಿಲ್ಲ, ಆದರೆ ಗೋಡೆಯ ಆ ಯೋಜನೆಯನ್ನು ಬಿಟ್ಟುಬಿಡಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಕಂಪವಾದಾಗ ಹೆಚ್ಚಿನವರ ಜೀವ ತೆಗೆದದ್ದು ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು ಮತ್ತು ಅವುಗಳ ಮೇಲಿದ್ದ ಭಾರವಾದ ಮಣ್ಣಿನ ಮಾಳಿಗೆಗಳು. ಒಳಮುಖ, ಹೊರಮುಖಗಳನ್ನು ಹಿಡಿದಿಡುವ ಅಡ್ಡಗಲ್ಲುಗಳಿಲ್ಲದೆ ಗೋಡೆ ಎರಡು ಸೀಳಾಗಿ ಬಿತ್ತು. ಕಿಲ್ಲಾರಿ ಆಳಂದಕ್ಕೆ ದೂರವಲ್ಲ. ಇಟ್ಟಿಗೆಯನ್ನೇ ಬಳಸಿ, ಪಾಯದ ಮಟ್ಟದಲ್ಲಿಯೂ ಬಾಗಿಲ ಮೇಲಿನ ಮಟ್ಟದಲ್ಲಿಯೂ ಸಲಾಕೆ ಹಾಕಿದ ಕಾಂಕ್ರೀಟು ಪಟ್ಟಿಯನ್ನು ಎಲ್ಲ ಗೋಡೆಗಳ ಮೇಲೂ ತುಂಡಾಗದಂತೆ ಸುತ್ತಿಸಿ.

ಇನ್ನೊಂದು ವಿಷಯ. ಸ್ಲ್ಯಾಬಿನ ದಿನ ಗೊತ್ತು ಮಾಡುವಾಗ ತೊಗರಿ ರಾಶಿಯ ಕಾಲವನ್ನೂ ಎಳ್ಳ ಅಮಾವಾಸ್ಯೆಯನ್ನೂ ನೋಡಿಕೊಳ್ಳಿ. ಅಂದು ಹೊಲದಲ್ಲಿ ಪೂಜೆ ಮಾಡಿ ಚರಗ (ನೈವೇದ್ಯದ ಅಡುಗೆ) ಚೆಲ್ಲುವಾಗ ಕೆಲಸದವರೂ ಗೆಳೆಯರೂ ಹೊಲದಲ್ಲಿರುತ್ತಾರೆ, ಹಿಂದಿನ ದಿನ ಹಾಕಿದ ಸ್ಲ್ಯಾಬಿಗೆ ನೀರುಣಿಸಲು ಯಾರೂ ಸಿಗುವುದಿಲ್ಲ. ಹಬ್ಬ ಮುಗಿದ ವಾರದಲ್ಲಿ ಹಾಕಿಸಿ, ನೀರಿನ ಟ್ಯಾಂಕರನ್ನು ಅದಕ್ಕೂ ಮೊದಲೇ ಗೊತ್ತು ಮಾಡಿಡಿ.